ಅಳಿವೆಯಿಂದ ಸರೋವರದವರೆಗೆ: ಸಾಗ್ನೇ ನೋಡಲು ಹೊರಟವರಿಗೆ

ಮಗಳೋ ಮಗನೋ ಕೆನಡಾದಲ್ಲಿ ಇದ್ದಾರೆ, ನಾಲ್ಕಾರು ತಿಂಗಳು ಇದ್ದು ಬರುತ್ತೇವೆ ಎನ್ನುವವರು ಈಗ ಶಿರಸಿ ಸೀಮೆಯಲ್ಲಿ ಊರಿಗೆ ಹತ್ತು ಜನ ಸಿಗುತ್ತಾರೆ. ಹೋದವರು ನಯಾಗರಾ ನೋಡುತ್ತಾರೆ. ಉಳಿದ ದಿನ ಕಿಟಕಿ ಹತ್ತಿರ ಕೂತು, ತೋಟಕ್ಕೆ ಮದ್ದು ಹೊಡೆಸಿದರೋ ಇಲ್ಲವೋ ಎಂದು ಫೋನ್ ಮಾಡುತ್ತಾರೆ. ಮಕ್ಕಳು ಇರುವುದು ಮಾಂಟ್ರಿಯಲ್ ಕಡೆ ಆದರೆ, ಒಂದು ವಾರ ಎತ್ತಿಟ್ಟು ಸಾಗ್ನೇ ಕಡೆ ಹೋಗಿ. ಹೇಗೆ ಹೋಗಬೇಕು, ಏನು ಒಯ್ಯಬೇಕು, ಎಲ್ಲಿ ಕೂರಬೇಕು ಎಂದು ನನ್ನನ್ನು ಕೇಳಿದವರಿಗೆಲ್ಲ ಹೇಳಿ ಹೇಳಿ, ಈಗ ಬರೆದೇ ಇಡುತ್ತಿದ್ದೇನೆ.

ಮೊದಲು ಆ ಜಾಗ ಎಂಥದ್ದು ಎಂದು ಹೇಳುತ್ತೇನೆ. ಕ್ವಿಬೆಕ್ ಪ್ರಾಂತ್ಯದಲ್ಲಿ, ಕ್ವಿಬೆಕ್ ನಗರದ ಉತ್ತರಕ್ಕೆ ಸ್ಯಾಂ-ಝಾಂ ಎಂಬ ದೊಡ್ಡ ಸರೋವರ ಇದೆ. ಅದರಿಂದ ಹೊರಟ ಸಾಗ್ನೇ ನದಿ ತಾದುಸಾಕ್ ಎಂಬ ಸಣ್ಣ ಊರಿನ ಹತ್ತಿರ ಸೇಂಟ್ ಲಾರೆನ್ಸ್ ನದಿಯನ್ನು ಸೇರುತ್ತದೆ. ಕೊನೆಯ ಸುಮಾರು 100 ಕಿಲೋಮೀಟರ್ ಫ್ಯೋರ್ಡ್. ಹಿಮಯುಗದ ಮಂಜುಗಡ್ಡೆ ಕಣಿವೆಯನ್ನು ಆಳವಾಗಿ ಕೆತ್ತಿಕೊಂಡು ಹೋಯಿತು. ಅದು ಕರಗಿದ ಮೇಲೆ ಕಡಲ ನೀರು ಒಳಗೆ ಬಂತು. ಎರಡೂ ಕಡೆ ಬಂಡೆ ಗೋಡೆಯ ಹಾಗೆ ನಿಂತಿದೆ, ಕೆಲವು ಕಡೆ 300 ಮೀಟರಿಗೂ ಎತ್ತರ. ನೀರಿನ ಆಳವೂ ಅಷ್ಟೇ ಹತ್ತಿರ, ಸುಮಾರು 275 ಮೀಟರ್ ತನಕ ಇದೆ. ಸುತ್ತ ಕಣ್ಣು ಹರಿದಷ್ಟು ದೂರ ಸೂಜಿ ಎಲೆಯ ಕಾಡು.

ನನ್ನ ತವರು ಅಘನಾಶಿನಿ ನದಿಯ ಬಾಯಲ್ಲಿ, ಕುಮಟಾ ತಾಲ್ಲೂಕು. ಕೊಟ್ಟ ಮನೆ ಶಿರಸಿ ಹತ್ತಿರ. ಅದೇ ನದಿ ಹುಟ್ಟುವ ಸೀಮೆ. ವರ್ಷಕ್ಕೆ ನಾಲ್ಕು ಸಲ ದೇವಿಮನೆ ಘಾಟಿ ಹತ್ತಿ ಇಳಿದವಳು ನಾನು. ಉಪ್ಪು ನೀರಿನಿಂದ ಹೊರಟು ಸಿಹಿ ನೀರಿಗೆ ಏರುವುದು ನನಗೆ ಕಾಲಿಗೆ ಅಂಟಿದ ಅಭ್ಯಾಸ. ಸಾಗ್ನೇಯನ್ನೂ ಹಾಗೇ ನೋಡಿ ಎಂಬುದೇ ನನ್ನ ಮುಖ್ಯ ಮಾತು. ಜಾಸ್ತಿ ಜನ ಮೊದಲು ದೊಡ್ಡ ರಸ್ತೆಯಲ್ಲಿ ನೇರ ಶಿಕೂಟಿಮಿ ಪಟ್ಟಣಕ್ಕೆ ಹೋಗಿ, ಅಲ್ಲಿಂದ ಒಂದೊಂದು ಜಾಗಕ್ಕೆ ಓಡಿ ಬರುತ್ತಾರೆ. ಹಾಗೆ ಮಾಡಿದರೆ ನದಿ ತುಂಡು ತುಂಡಾಗಿ ಕಾಣುತ್ತದೆ. ಅಳಿವೆಯಲ್ಲಿ ಶುರು ಮಾಡಿ, ನೀರನ್ನು ಹಿಡಿದು ಮೇಲೆ ಹೋಗಿ, ಸರೋವರದಲ್ಲಿ ಮುಗಿಸಿ.

ಯಾವಾಗ ಹೋಗಬೇಕು ಎಂದರೆ, ಸೆಪ್ಟೆಂಬರ್. ಜೂನ್‌ನಲ್ಲಿ ಅಲ್ಲಿ ಕರಿನೊಣದ ಕಾಟ. ಹರಿಯುವ ನೀರಿನಲ್ಲಿ ಹುಟ್ಟುವ ಸಣ್ಣ ನೊಣ ಅದು. ಕಚ್ಚಿದರೆ ರಕ್ತ ಬರುತ್ತದೆ, ಕಿವಿಯ ಹಿಂದೆ ಊದಿಕೊಳ್ಳುತ್ತದೆ. ಜೊತೆಗೆ ಸೊಳ್ಳೆ. ನಮ್ಮ ಮಳೆಗಾಲದ ಉಂಬಳಕ್ಕೆ ಅಂಜದವರೂ ಅದಕ್ಕೆ ಅಂಜಬೇಕು. ಜುಲೈ, ಆಗಸ್ಟ್ ಚೆನ್ನಾಗಿರುತ್ತದೆ, ಆದರೆ ಜನ ಜಾಸ್ತಿ, ವಸತಿಯ ದರವೂ ಜಾಸ್ತಿ. ನಾವು ಹೋದದ್ದು 2023ರ ಸೆಪ್ಟೆಂಬರ್ ಕೊನೆಯ ವಾರ. ನೊಣ ಇರಲಿಲ್ಲ. ತಿಮಿಂಗಿಲ ಇದ್ದವು. ಬರ್ಚ್ ಮರ ಹಳದಿ, ಮೇಪಲ್ ಕೆಂಪು. ಮಧ್ಯಾಹ್ನ ಬಿಸಿಲು ಹಿತವಾಗಿತ್ತು, ಬೆಳಿಗ್ಗೆ ಮಾತ್ರ ನಾಲ್ಕೈದು ಡಿಗ್ರಿ. ಅಕ್ಟೋಬರ್ ನಡುವೆ ಹೋಗಬೇಡಿ, ಅಷ್ಟರಲ್ಲಿ ಎಷ್ಟೋ ದೋಣಿ, ವಸತಿ ಮುಚ್ಚಲು ಶುರುವಾಗಿರುತ್ತದೆ.

ವೀಸಾದ ಕೆಲಸ ಮಕ್ಕಳೇ ಮಾಡುತ್ತಾರೆ. ನೀವು ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬರಬೇಕು. ಆದರೆ ಒಂದು ವಿಷಯ ಅವರ ಮೇಲೆ ಬಿಡಬೇಡಿ: ಆರೋಗ್ಯ ವಿಮೆ. ಸಂದರ್ಶಕರಿಗೆ ಅಲ್ಲಿಯ ಸರ್ಕಾರಿ ವಿಮೆ ಸಿಗುವುದಿಲ್ಲ. ಮೊದಲೇ ಇರುವ ಬಿಪಿ, ಸಕ್ಕರೆಗೂ ಸೇರುತ್ತದೆಯೇ ಎಂದು ಪಾಲಿಸಿಯ ಸಣ್ಣ ಅಕ್ಷರ ಓದಿ.

ಇನ್ನು ದಾರಿ. ಮಾಂಟ್ರಿಯಲ್‌ನಿಂದ ಕ್ವಿಬೆಕ್ ನಗರ ಸುಮಾರು 250 ಕಿಲೋಮೀಟರ್. ಅಲ್ಲಿ ಒಂದು ರಾತ್ರಿ ಇರಿ, ನಮ್ಮ ವಯಸ್ಸಿಗೆ ಒಂದೇ ದಿನ ಅಷ್ಟು ಕೂರುವುದು ಬೇಡ. ಮರುದಿನ 138ನೇ ರಸ್ತೆ ಹಿಡಿದು ಸೇಂಟ್ ಲಾರೆನ್ಸ್ ದಂಡೆಯಲ್ಲೇ ಸುಮಾರು 215 ಕಿಲೋಮೀಟರ್. ಬೇ-ಸ್ಯಾಂತ್-ಕಾತ್ರೀನ್‌ನಲ್ಲಿ ರಸ್ತೆ ನೀರಿಗೆ ಬಂದು ನಿಲ್ಲುತ್ತದೆ. ಸೇತುವೆ ಇಲ್ಲ. ಇಲ್ಲಿಂದ ಮೇಲೆ ಶಿಕೂಟಿಮಿವರೆಗೂ ಸಾಗ್ನೇಗೆ ಒಂದೇ ಒಂದು ಸೇತುವೆ ಇಲ್ಲ. ಕಾರನ್ನೇ ಹತ್ತಿಸಿಕೊಳ್ಳುವ ದೊಡ್ಡ ಫೆರ್ರಿ ಹಗಲೂ ರಾತ್ರಿ ಓಡಾಡುತ್ತದೆ. ಹತ್ತು ನಿಮಿಷದ ದಾರಿ, ದುಡ್ಡು ಕೊಡಬೇಕಿಲ್ಲ. ತದಡಿಯಲ್ಲಿ ನಿಂತು ಆಚೆ ದಡದ ತವರುಮನೆಯ ತೆಂಗು ನೋಡುತ್ತಾ ದೋಣಿಗೆ ಕಾದವಳಿಗೆ ಆ ಸಾಲಿನಲ್ಲಿ ನಿಂತಾಗ ಗಂಟಲು ಕಟ್ಟಿ ಬಂತು. ಫೆರ್ರಿಯಲ್ಲಿ ಕಾರಿನೊಳಗೆ ಕೂರಬೇಡಿ. ಇಳಿದು ಎಡಗಡೆಯ ಕಟಾಂಜನದ ಹತ್ತಿರ ನಿಲ್ಲಿ. ಫ್ಯೋರ್ಡ್‌ನ ಬಾಯಿ ಆ ಕಡೆ ಕಾಣುತ್ತದೆ. ಬಲಕ್ಕೆ ಕಡಲಿನಷ್ಟು ಅಗಲದ ಸೇಂಟ್ ಲಾರೆನ್ಸ್.

ತಾದುಸಾಕ್‌ನಲ್ಲಿ ಎರಡು ರಾತ್ರಿ ಇರಿ, ಕಡಿಮೆ ಬೇಡ. ಕಾರಣ ತಿಮಿಂಗಿಲ. ಅವು ಯಾಕೆ ಇಷ್ಟು ಒಳಗೆ ಬರುತ್ತವೆ ಎಂದು ನನ್ನ ಯಜಮಾನರು ಕೇಳಿದರು, ಅಲ್ಲಿಯ ಮಾಹಿತಿ ಕೇಂದ್ರದಲ್ಲಿ ಚಿತ್ರ ತೋರಿಸಿ ಹೇಳಿದರು. ಸೇಂಟ್ ಲಾರೆನ್ಸ್‌ನ ತಳದಲ್ಲಿ 300 ಮೀಟರ್ ಆಳದ ಒಂದು ಕಂದಕ ಅಟ್ಲಾಂಟಿಕ್‌ನಿಂದ ಇಲ್ಲಿಯವರೆಗೆ ಬರುತ್ತದೆ. ತಾದುಸಾಕ್ ಹತ್ತಿರ ತಳ ಒಮ್ಮೆಲೇ ಮೇಲೆ ಬರುತ್ತದೆ. ಭರತ ಬಂದಾಗ ಆಳದ ತಣ್ಣೀರು ಆ ಗೋಡೆಗೆ ಬಡಿದು ಮೇಲೆ ಉಕ್ಕುತ್ತದೆ. ಅದರ ಜೊತೆ ಸೀಗಡಿಯಂಥ ಸಣ್ಣ ಜೀವಿ ರಾಶಿ ರಾಶಿ ಮೇಲೆ ಬರುತ್ತವೆ. ತಿಮಿಂಗಿಲಕ್ಕೆ ಅದು ಊಟದ ಪಂಕ್ತಿ. ಭೂಮಿಯ ಮೇಲೆ ಎಲ್ಲಕ್ಕಿಂತ ದೊಡ್ಡ ಪ್ರಾಣಿ ನೀಲಿ ತಿಮಿಂಗಿಲವೂ ಇಲ್ಲಿಗೆ ಬರುತ್ತದೆ.

ಬೆಲುಗಾ ಮಾತ್ರ ಬಂದು ಹೋಗುವುದಲ್ಲ, ವರ್ಷವಿಡೀ ಇಲ್ಲಿಯದೇ. ಬೆಳೆದವು ಹಾಲಿನಷ್ಟು ಬಿಳಿ, ಮರಿಗಳು ಬೂದು. ಹಿಂದೆ ಬೇಟೆಯಾಡಿ ಆಡಿ ತೀರಾ ಕಡಿಮೆ ಆದವು. 1979ರಲ್ಲಿ ಬೇಟೆ ನಿಂತಿತು. ಈಗ ಎರಡು ಸಾವಿರದ ಆಸುಪಾಸು ಇವೆ, ಇನ್ನೂ ಅಪಾಯದಲ್ಲೇ ಇವೆ. ದೋಣಿಗಳು ಬೆಲುಗಾದಿಂದ 400 ಮೀಟರ್ ದೂರ ಇರಬೇಕು ಎಂಬುದು ಅಲ್ಲಿಯ ಕಾನೂನು. ಹತ್ತಿರ ಒಯ್ದು ತೋರಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಆ ದೋಣಿ ಹತ್ತಬೇಡಿ. ಉಸಿರಿಗೆ ಮೇಲೆ ಬರುವ ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗುವುದು ತಪ್ಪು. ಕಾರವಾರದಲ್ಲಿ ಡಾಲ್ಫಿನ್ ನೋಡಲು ಹೋದಾಗಲೂ ನಾನು ದೋಣಿಯವರಿಗೆ ಈಗ ಇದನ್ನೇ ಹೇಳುತ್ತೇನೆ: ಎಂಜಿನ್ ನಿಲ್ಲಿಸಿ, ಕಾಯೋಣ.

ದೋಣಿ ಎರಡು ಬಗೆ. ರಬ್ಬರಿನ ಸಣ್ಣ ವೇಗದ ದೋಣಿ, ಮತ್ತು ಒಳಗೆ ಕೂರಲು ಜಾಗ, ಶೌಚಾಲಯ ಇರುವ ದೊಡ್ಡ ಹಡಗು. ಮೊಣಕಾಲು, ಬೆನ್ನು ನೋವು ಇರುವವರು ದೊಡ್ಡದನ್ನೇ ಹತ್ತಿ. ನಮಗೆ ತಲೆಗೆ ನೂರು ಡಾಲರ್ ದಾಟಿತು. ದಡದಲ್ಲಿ ಬೆಚ್ಚಗಿದೆ ಎಂದು ಸುಮ್ನೆ ಒಂದು ಸ್ವೆಟರ್ ಹಾಕಿಕೊಂಡು ಹೋಗಬೇಡಿ. ನೀರಿನ ಮೇಲಿನ ಗಾಳಿ ಬೇರೆಯೇ. ಒಳಗೆ ಉಣ್ಣೆಯ ಬನಿಯನ್ನು, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತೂರದ ಜಾಕೀಟು, ಕಿವಿ ಮುಚ್ಚುವ ಟೊಪ್ಪಿ, ಕೈಗವಸು. ಸೀರೆ ಉಡುವವರು ಅವತ್ತೊಂದು ದಿನ ಪ್ಯಾಂಟು ಹಾಕಿಕೊಳ್ಳಿ.

ದೋಣಿ ಬೇಡ ಎನ್ನುವವರಿಗೆ ನಾನು ಇನ್ನೂ ಖುಷಿಯಿಂದ ದಾರಿ ಹೇಳುತ್ತೇನೆ. ತಾದುಸಾಕ್‌ನಿಂದ ಅರ್ಧ ತಾಸಿನೊಳಗೆ ಲೆ ಬೆರ್ಝರಾನ್ ಎಂಬ ಊರು, ಅಲ್ಲಿ ಕಾಪ್-ದ-ಬೋಂ-ದೇಜೀರ್ ಎಂಬ ಜಾಗ. ಕಾಡಿನ ನಡುವೆ ಸ್ವಲ್ಪ ನಡೆದರೆ ನೀರಿಗೆ ಇಳಿಜಾರಾದ ಅಗಲ ಬಂಡೆ. ದಡದಲ್ಲೇ ಆಳ ಇರುವುದರಿಂದ ತಿಮಿಂಗಿಲ ಬಂಡೆಯ ಹತ್ತಿರವೇ ಬರುತ್ತವೆ. ಕೂರಲು ಒಂದು ಚಾಪೆ, ಫ್ಲಾಸ್ಕಿನಲ್ಲಿ ಕಷಾಯ, ದುರ್ಬೀನು ಒಯ್ಯಿರಿ. ನಾವು ಮೂರು ತಾಸು ಕೂತೆವು. ಮೊದಲ ಒಂದು ತಾಸು ಏನೂ ಇಲ್ಲ. ಆಮೇಲೆ ಕಾಣುವ ಮೊದಲು ಕೇಳಿಸಿತು. ದೊಡ್ಡ ಎತ್ತು ಉಸಿರು ಬಿಟ್ಟ ಹಾಗೆ ಒಂದು ಭುಸ್. ತಿರುಗಿ ನೋಡಿದರೆ ಕಪ್ಪು ಬೆನ್ನು ಹೊರಳಿ ಮುಳುಗುತ್ತಿತ್ತು. ಬಂಡೆಯ ಮೇಲಿದ್ದ ಎಲ್ಲರೂ ಮಾತು ನಿಲ್ಲಿಸಿದರು. ಯಜಮಾನರು ನನ್ನ ಕೈ ಹಿಡಿದುಕೊಂಡರು. ಬೆಲುಗಾ ನೋಡಲು ಆಚೆ ದಡದ ಪ್ವಾಂತ್-ನ್ವಾರ್ ಒಳ್ಳೆಯದು, ಅಲ್ಲಿಂದ ನೇರ ಕೆಳಗೆ ಸಾಗ್ನೇಯ ಬಾಯಿ. ದೂರದಲ್ಲಿ ನೊರೆ ಎಂದುಕೊಂಡದ್ದು ಕರಗದೇ ಮತ್ತೆ ಮತ್ತೆ ಎದ್ದರೆ ಅದು ಬೆಲುಗಾ.

ಮೂರನೇ ದಿನ ಮೇಲೆ ಹೊರಡಿ. ಉತ್ತರ ದಡದ 172ನೇ ರಸ್ತೆಯಲ್ಲಿ ಶಿಕೂಟಿಮಿ ಸುಮಾರು 130 ಕಿಲೋಮೀಟರ್. ದಾರಿಯಲ್ಲಿ ಪೆಟ್ರೋಲ್ ಬಂಕ್ ಕಡಿಮೆ, ಫೋನಿಗೆ ಸಿಗ್ನಲ್ ಹೋಗಿ ಬಂದು ಮಾಡುತ್ತದೆ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಕತ್ತಲಾಗುವ ಮೊದಲು ತಲುಪಿ. ಯಾಣದ ರಸ್ತೆಯಲ್ಲಿ ಸಂಜೆ ಕಾಡುಕೋಣ ಅಡ್ಡ ಬರುವ ಹಾಗೆ ಅಲ್ಲಿ ಮೂಸ್ ಬರುತ್ತದೆ. ಕುದುರೆಗಿಂತ ಎತ್ತರದ ಜಿಂಕೆ ಅದು. ಕಾಲು ಉದ್ದ, ಮೈ ಕಪ್ಪು, ದೀಪದ ಬೆಳಕಿಗೂ ಬೇಗ ಕಾಣುವುದಿಲ್ಲ.

ನಡುವೆ ಸ್ಯಾಂತ್-ರೋಜ್-ದು-ನೋರ್ ಎಂಬ ಪುಟ್ಟ ಊರು ನೀರಿನ ಮಟ್ಟದಲ್ಲೇ ಕೂತಿದೆ. ಮಧ್ಯಾಹ್ನದ ಬುತ್ತಿ ಅಲ್ಲಿಯ ಕಟ್ಟೆಯ ಮೇಲೆ ಬಿಚ್ಚಿ. ನೀರು ಕಂದು ಬಣ್ಣ ನೋಡಿ ನಾನು ಇದು ಕೊಳೆ ನೀರಾ ಎಂದೆ. ಮಗಳು ಕೈಯಲ್ಲಿ ಎತ್ತಿ ತೋರಿಸಿ, “ಆಯಿ, ಇದು ಕೊಳೆ ಅಲ್ಲ, ಚೊಗರು” ಎಂದಳು. ಅಡಿಕೆ ಬೇಯಿಸಿದ ನೀರಿನ ಬಣ್ಣ ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ, ಅಲ್ವಾ? ಕಾಡಿನ ಎಲೆ, ತೊಗಟೆ, ಪಾಚಿ ಕೊಳೆತ ಜವುಗಿನಿಂದ ಇಳಿದು ಬರುವ ನೀರು ಅದು. ಈ ಚೊಗರಿನ ಸಿಹಿ ನೀರು ಹಗುರ, ಮೇಲೆ ತೆಳುವಾಗಿ ಹರಿಯುತ್ತದೆ. ಕೆಳಗೆ ಉಪ್ಪು ನೀರು, ವರ್ಷವಿಡೀ ಒಂದೆರಡು ಡಿಗ್ರಿಯಷ್ಟೇ. ಫ್ಯೋರ್ಡ್‌ನ ಬಾಯಲ್ಲಿ ನಮ್ಮ ಅಳಿವೆಯ ದಿಬ್ಬದ ಹಾಗೆ ತಳ ಎತ್ತರ ಇದೆ, ಆಳ ಬರೀ 20 ಮೀಟರ್. ಭರತ ಬಂದಾಗ ತಣ್ಣಗಿನ ಉಪ್ಪು ನೀರು ಆ ದಿಬ್ಬ ದಾಟಿ ಒಳಗೆ ಬಿದ್ದು ತಳದಲ್ಲಿ ಸೇರುತ್ತದೆ.

ನನ್ನ ಅಪ್ಪಯ್ಯ ಅಳಿವೆಯ ಉಪ್ಪು ನೀರು ನುಗ್ಗುವ ಗಜನಿ ಗದ್ದೆಯ ನೀರನ್ನು ನಾಲಿಗೆ ತುದಿಗೆ ಹಚ್ಚಿ ಉಪ್ಪು ಎಷ್ಟಿದೆ ಎಂದು ಹೇಳುತ್ತಿದ್ದರು. ನಾನೂ ಹಾಗೇ ಮಾಡಿದೆ. ತಾದುಸಾಕ್‌ನಲ್ಲಿ ಒಳ್ಳೇ ಉಪ್ಪು. ಸ್ಯಾಂತ್-ರೋಜ್‌ನಲ್ಲಿ ಸಪ್ಪೆಗೆ ಸ್ವಲ್ಪ ಮೇಲೆ, ಗಜನಿಯ ಕಗ್ಗ ಭತ್ತ ತಡೆಯುವಷ್ಟು. ನೀವೂ ಹಾಗೆ ಮಾಡಿ, ಕುಡಿಯಬೇಡಿ, ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರೆ ಸಾಕು.

ಶಿಕೂಟಿಮಿಯಲ್ಲಿ ಸೇತುವೆ ದಾಟಿ ದಕ್ಷಿಣ ದಡಕ್ಕೆ ಬಂದು, 170ನೇ ರಸ್ತೆಯಲ್ಲಿ ಲಾನ್ಸ್-ಸ್ಯಾಂ-ಝಾಂ ಕಡೆ ಹೋಗಿ. ಮತ್ತೆ ಕೆಳಗೆ ಇಳಿದ ಹಾಗೆ ಆಗುತ್ತದೆ, ಆದರೂ ಬಿಡಬೇಡಿ. ಇಲ್ಲಿ ಎರಡು ರಾತ್ರಿ. ಊರಿನಲ್ಲಿ 1929ರ, ಮಾಡು ಹೊದಿಸಿದ ಮರದ ಸೇತುವೆ ಇದೆ, ಕೆನಡಾದ ಹಳೆಯ ಸಾವಿರ ಡಾಲರ್ ನೋಟಿನಲ್ಲಿ ಅದರ ಚಿತ್ರ ಇತ್ತು. ಹತ್ತಿರದ ಎತೆರ್ನಿತೆ ಕೊಲ್ಲಿಯೇ ಫ್ಯೋರ್ಡ್‌ನ ಎಲ್ಲಕ್ಕಿಂತ ಗಂಭೀರ ಜಾಗ. ಅಲ್ಲಿಯ ತ್ರಿನಿತೆ ಬಂಡೆಯ ಮೇಲೆ ಸುಮಾರು 9 ಮೀಟರ್ ಎತ್ತರದ ಮೇರಿ ಮಾತೆಯ ಮೂರ್ತಿ ನಿಂತಿದೆ. ಶಾರ್ಲ್-ನೆಪೋಲಿಯನ್ ರೋಬಿತಾಯ್ ಎಂಬ ತಿರುಗಾಟದ ವ್ಯಾಪಾರಿ ಚಳಿಗಾಲದಲ್ಲಿ ಸಾಗ್ನೇಯ ಮಂಜುಗಡ್ಡೆ ಒಡೆದು ನೀರಿಗೆ ಬಿದ್ದು ಬದುಕಿ ಬಂದ. ಆ ಹರಕೆಯ ಮೂರ್ತಿ ಅದು. ಲೂಯಿ ಝೋಬ್ಯಾಂ ಎಂಬ ಶಿಲ್ಪಿ ಪೈನ್ ಮರದಲ್ಲಿ ಕೆತ್ತಿ, ಮೇಲೆ ಸೀಸದ ತಗಡು ಹೊದಿಸಿ, 1881ರಲ್ಲಿ ನಿಲ್ಲಿಸಿದರು. ಹತ್ತಿ ಹೋಗುವ ದಾರಿ ಕಡಿದು, ಮೆಟ್ಟಿಲು ಬಹಳ. ಅಳಿಯ ಮಾತ್ರ ಹತ್ತಿದರು. ನಾವು ದೋಣಿಯಲ್ಲಿ ಕೆಳಗಿನಿಂದ ನೋಡಿದೆವು. ಕುತ್ತಿಗೆ ಹಿಂದಕ್ಕೆ ಬಾಗಿಸಿ ನೋಡುವಾಗ ನನಗೆ ಕಂಡದ್ದು ನಮ್ಮ ಯಾಣದ ಶಿಖರ.

ಕಾಡಿನ ಬಗ್ಗೆ ಒಂದು ಮಾತು. ನಮ್ಮ ಸೊಪ್ಪಿನ ಬೆಟ್ಟದಲ್ಲಿ ಒಂದು ಎಕರೆ ನಡೆದರೆ ಐವತ್ತು ಬಗೆ ಮರ ಹೆಸರಿಸಬಹುದು. ಅಲ್ಲಿ ಮೈಲುಗಟ್ಟಲೆ ನಡೆದರೂ ಸ್ಪ್ರೂಸ್, ಫರ್, ಬರ್ಚ್, ಲಾರ್ಚ್, ಅಷ್ಟೇ ಮತ್ತೆ ಮತ್ತೆ. ಮೊದಲ ದಿನ ಬರಿದು ಅನ್ನಿಸುತ್ತದೆ. ಅದಕ್ಕೇ ಒಂದು ಕಡೆ ಅರ್ಧ ತಾಸು ನಿಲ್ಲಿ ಎನ್ನುವುದು. ಕಾಲ ಕೆಳಗೆ ಮೊಣಕೈ ಮುಳುಗುವಷ್ಟು ದಪ್ಪ ಪಾಚಿ. ಫರ್ ಸೂಜಿ ಕೈಯಲ್ಲಿ ತಿಕ್ಕಿ ಮೂಸಿ, ಹೇರಳೆಕಾಯಿ ಸಿಪ್ಪೆ ನೆನಪಾಗುತ್ತದೆ. ಲಾರ್ಚ್ ಮಾತ್ರ ಸೂಜಿ ಎಲೆಯ ಮರವಾಗಿಯೂ ಚಳಿಗಾಲದ ಮೊದಲು ಹಳದಿಯಾಗಿ ಎಲೆ ಉದುರಿಸುತ್ತದೆ. ಅದು ಸತ್ತ ಮರ ಎಂದು ನಾನು ಮರುಗಿದ್ದೆ. ಒದ್ದೆ ಬೇರಿನ ಮೇಲೆ ಕಾಲಿಡಬೇಡಿ, ಹಳೇ ಬಾವಿಕಟ್ಟೆಯ ಹಾಗೆ ಜಾರುತ್ತದೆ.

ಊಟದ್ದು ನಮ್ಮಂಥ ಸಸ್ಯಾಹಾರಿಗಳಿಗೆ ಕಷ್ಟವೇ. ಆ ಸೀಮೆಯ ಹೆಮ್ಮೆಯ ಅಡುಗೆ ತೂರ್ತಿಯೇರ್, ಮಾಂಸ ಆಲೂಗಡ್ಡೆ ತುಂಬಿ ತಾಸುಗಟ್ಟಲೆ ಬೇಯಿಸಿದ ಕಡುಬು. ಬಟಾಣಿ ಸಾರಿಗೂ ಹಂದಿಮಾಂಸ ಹಾಕುವುದು ರೂಢಿ. ಪೂಟಿನ್ ಎಂಬ ಆಲೂಗಡ್ಡೆ ತಿಂಡಿಯ ಗೊಜ್ಜು ಮಾಂಸದ್ದು. ಬ್ಲೂಬೆರ್ರಿ ಕಡುಬಿನ ಹಿಟ್ಟಿನಲ್ಲೂ ಹಂದಿಕೊಬ್ಬು ಇರಬಹುದು, ಅದಕ್ಕೆ ಅಲ್ಲಿ “ಸ್ಯಾಂದು” ಎನ್ನುತ್ತಾರೆ, ಕೇಳಿಕೊಳ್ಳಿ. “ಸಾಂ ವಿಯಾಂದ್” ಎಂದರೆ ಮಾಂಸ ಇಲ್ಲದ್ದು. ಅಲ್ಲಿ ಇಂಗ್ಲಿಷ್ ಕಡಿಮೆ. ಆದರೆ ಮೊದಲು “ಬೋಂಝೂರ್” ಎಂದು ಕೈ ಮುಗಿದರೆ ಆ ಜನ ಎಷ್ಟು ಕಷ್ಟಪಟ್ಟಾದರೂ ನಿಮಗೆ ಅರ್ಥ ಮಾಡಿಸುತ್ತಾರೆ.

ಅಡುಗೆಮನೆ ಇರುವ ವಸತಿಯನ್ನೇ ಹಿಡಿಯಿರಿ, ಮತ್ತು ಒಲೆ ಇದೆಯೇ ಎಂದು ಬರೆದು ಕೇಳಿ. ಒಂದು ಕಡೆ ಅಡುಗೆಮನೆ ಇದೆ ಎಂದಿದ್ದರು, ಹೋಗಿ ನೋಡಿದರೆ ಮೈಕ್ರೋವೇವ್ ಮತ್ತು ಸಿಂಕು ಮಾತ್ರ. ಅವತ್ತು ಕಾಪಾಡಿದ್ದು ಊರಿನಿಂದ ಒಯ್ದ ಅವಲಕ್ಕಿ. ಅವಲಕ್ಕಿ, ಮೆಂತ್ಯದ ಹಿಟ್ಟು, ಚಟ್ನಿಪುಡಿ, ಕಷಾಯದ ಪುಡಿ, ಹಲಸಿನ ಹಪ್ಪಳ ಇಷ್ಟು ಇರಲಿ. ಅಪ್ಪೆಮಿಡಿ ಡಬ್ಬಿಯನ್ನು ಕೈಚೀಲದಲ್ಲಿ ಇಡಬೇಡಿ, ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕಿ. ವಿಮಾನ ಇಳಿದಾಗ ತಿನ್ನುವ ಪದಾರ್ಥ ಇದೆ ಎಂದು ಮುಚ್ಚುಮರೆ ಇಲ್ಲದೆ ಬರೆದುಕೊಡಿ. ಹಸಿ ಹಣ್ಣು, ಬೀಜ, ಸಸಿ ಒಯ್ಯಲೇಬೇಡಿ. ಮೊಸರು ಅಲ್ಲಿ ಚೆನ್ನಾಗಿಯೇ ಸಿಗುತ್ತದೆ, ಮೆಂತ್ಯದ ತಂಬುಳಿ ದಿನಾ ಆಯಿತು. ಊರಿನ ಕೆಟಲ್, ಕುಕ್ಕರ್ ಒಯ್ಯಬೇಡಿ. ಅಲ್ಲಿ ಕರೆಂಟು 120 ವೋಲ್ಟ್, ನಮ್ಮದು 230, ನೀರು ಕಾಯಲು ಬಹಳ ಹೊತ್ತು ಬೇಕು.

ಸರೋವರದ ಕಡೆ ಹೊರಡುವ ಮುಂಚೆ ಶಿಕೂಟಿಮಿಯಲ್ಲಿ ಒಂದು ಸಣ್ಣ ಬಿಳಿ ಮನೆ ಇದೆ, ಅಲ್ಲಿ ನಿಲ್ಲಿ. 1996ರ ಜುಲೈನಲ್ಲಿ ಎಡೆಬಿಡದ ಮಳೆಗೆ ನೆರೆ ಬಂದು ಸುತ್ತಲಿನ ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಇದೊಂದು ಬಂಡೆಯ ಮೇಲೆ ಹಾಗೇ ನಿಂತಿತು. ನಮ್ಮ ಜಿಲ್ಲೆಯವರು ಆ ಮನೆಯ ಮುಂದೆ ಬೇಗ ಹೊರಡಲಾರರು. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದ ದಿನ ನನಗೆ ಮೊದಲು ನೆನಪಾದದ್ದು ಆ ಬಿಳಿ ಗೋಡೆ.

ಸ್ಯಾಂ-ಝಾಂ ಸರೋವರ 1,000 ಚದರ ಕಿಲೋಮೀಟರಿಗೂ ದೊಡ್ಡದು. ಎದುರು ದಡ ಕಾಣದ ಕಡೆಯೂ ಇದೆ. ಸುತ್ತ 256 ಕಿಲೋಮೀಟರಿನ ಸೈಕಲ್ ದಾರಿ, ಅದಕ್ಕೆ ಬ್ಲೂಬೆರ್ರಿಯ ಹೆಸರು. 1870ರ ಮೇ ತಿಂಗಳಲ್ಲಿ ಭಾರೀ ಬೆಂಕಿ ಈ ಸೀಮೆಯನ್ನು ಸುಟ್ಟಿತು. ಸುಟ್ಟ ನೆಲದಲ್ಲಿ ಬ್ಲೂಬೆರ್ರಿ ಹುಲುಸಾಗಿ ಎದ್ದಿತು. ಇಲ್ಲಿಯ ಜನರನ್ನು ಉಳಿದವರು ಪ್ರೀತಿಯಿಂದ ಆ ಹಣ್ಣಿನ ಹೆಸರಿನಿಂದಲೇ ಕರೆಯುತ್ತಾರೆ. ಹಣ್ಣಿನ ಕಾಲ ಆಗಸ್ಟ್. ನಮಗೆ ಕೊನೆಯ ಒಂದು ಡಬ್ಬಿ ಸಿಕ್ಕಿತು. ಅಂಗಡಿಯ ದಪ್ಪ ಬ್ಲೂಬೆರ್ರಿ ಅಲ್ಲ, ಕಾಳಿನಷ್ಟು ಸಣ್ಣದು, ರುಚಿ ಮಾತ್ರ ಕವಳಿ ಹಣ್ಣಿನಂತೆ ನಾಲಿಗೆ ಹಿಡಿಯುತ್ತದೆ.

ವಾಲ್-ಝಾಲ್ಬೇರ್‌ಗೆ ಅರ್ಧ ದಿನ ಕೊಡಿ. 1901ರಲ್ಲಿ ಕಾಗದದ ತಿರುಳಿನ ಕಾರ್ಖಾನೆಗಾಗಿ ಶುರುವಾದ ಊರು. 1927ರಲ್ಲಿ ಕಾರ್ಖಾನೆ ಮುಚ್ಚಿತು, ಜನ ಬಿಟ್ಟು ಹೋದರು. ಶಾಲೆ, ಮನೆ ಸಾಲು ಇನ್ನೂ ಇದೆ. ಪಕ್ಕದಲ್ಲೇ 72 ಮೀಟರ್ ಜಲಪಾತ. ನಮ್ಮ ಉಂಚಳ್ಳಿ 116 ಮೀಟರ್. ಆದರೆ ಇಲ್ಲಿ ಮೇಲಕ್ಕೆ ತಂತಿ ಗಾಡಿ ಇದೆ, ಮೊಣಕಾಲು ನೋವಿನವರೂ ನೀರು ಧುಮುಕುವ ಅಂಚಿಗೆ ಹೋಗಿ ನಿಲ್ಲಬಹುದು. ಸ್ಯಾಂ-ಫೆಲಿಸ್ಯಾಂನ ಪ್ರಾಣಿಸಂಗ್ರಹಾಲಯವೂ ಚೆನ್ನಾಗಿದೆ, ಜನ ಜಾಲರಿಯ ರೈಲಿನಲ್ಲಿ, ಪ್ರಾಣಿ ಬಯಲಿನಲ್ಲಿ. ಮೊಮ್ಮಕ್ಕಳು ಜೊತೆಗಿದ್ದರೆ ಹೋಗಿ.

ಕೊನೆಯ ಸಂಜೆಯನ್ನು ಮಾಷ್ತೆವಿಯಾಚ್‌ಗೆ ಇಡಿ. ಸರೋವರದ ಪಶ್ಚಿಮ ದಡದಲ್ಲಿ “ಇನ್ನು” (Innu) ಎಂಬ ಮೂಲನಿವಾಸಿ ಜನಾಂಗದವರ ಊರು. ಈ ನೀರಿಗೆ ಮೊದಲಿನಿಂದ ಹೆಸರಿಟ್ಟವರು ಅವರು. ಅವರ ಮಾತಿನಲ್ಲಿ ಇದು ಪೆಕುವಾಕಾಮಿ, ಆಳವಿಲ್ಲದ ಸರೋವರ. ಅವರ ವಸ್ತುಸಂಗ್ರಹಾಲಯವನ್ನು ಮಧ್ಯಾಹ್ನವೇ ನೋಡಿ ಮುಗಿಸಿ, ಸಂಜೆ ಮುಚ್ಚುತ್ತದೆ. ಆಮೇಲೆ ದಡದ ರಸ್ತೆಯಲ್ಲಿ ನಡೆದು, ಕಲ್ಲಿನ ಮೇಲೆ ಕೂರಿ. ಮರುದಿನ 169, ಆಮೇಲೆ 175ನೇ ರಸ್ತೆಯಲ್ಲಿ ಕ್ವಿಬೆಕ್ ನಗರಕ್ಕೆ ಕಾಡಿನ ನಡುವೆ ಉದ್ದ ದಾರಿ ಇದೆ. ಪೆಟ್ರೋಲ್ ತುಂಬಿಸಿಕೊಂಡು ಬೆಳಿಗ್ಗೆಯೇ ಹೊರಟರೆ ಆಯಿತು. ಆ ಸಂಜೆ ಮಾತ್ರ ಅವಸರ ಮಾಡಬೇಡಿ. ನಾವು ಕೂತಾಗ ಗಾಳಿ ಇರಲಿಲ್ಲ. ಯಜಮಾನರು ಚಪ್ಪಲಿ ಬಿಟ್ಟು ಮೊಣಕಾಲುದ್ದ ನೀರಿಗೆ ಇಳಿದು, ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡು ನನ್ನ ಕಡೆ ತಿರುಗಿದರು. “ಸಿಹಿ” ಎಂದರು.